ಡೈ ದಾಟಿದ ಹಿಟ್ಟು

"ನೀರು ಒಳಗೇ ಇರುತ್ತೆ. ಆದ್ರೆ ಆವಿ ಆಗೋಕೆ ಅದಕ್ಕೆ ಜಾಗ ಇರಲ್ಲ," ಎಂದು ಹೇಳುವಾಗ ಲಕ್ಷ್ಮೀಶನ ಕಣ್ಣು ಮಕ್ಕಳ ತಲೆಗಳ ಆಚೆ ಬಾಗಿಲಿನ ಕಡೆ ಹೋಗಿ ಬಂತು. ಬಾಳಗಡಿಯ ಕಾಲೇಜಿನಿಂದ ಈ ಕುರುಕಲು ತಿಂಡಿಯ ಫ್ಯಾಕ್ಟರಿ ನೋಡಲು ಬಂದಿದ್ದ ಹದಿನೆಂಟು ಮಕ್ಕಳು ತಲೆಗೆ ನೀಲಿ ಟೋಪಿ ಸಿಕ್ಕಿಸಿಕೊಂಡು, ಯಂತ್ರದ ಸದ್ದಿಗೆ ಮುಖ ಕಿವುಚಿಕೊಂಡು ನಿಂತಿದ್ದರು. ಬಾಗಿಲಲ್ಲಿ ಭೈರಮ್ಮ ನಿಂತಿದ್ದಳು. ದಿನಾ ಪ್ಯಾಕಿಂಗಿಗೆ ಬರುವಾಗ ಉಡುವ ಸೀರೆಯಲ್ಲ, ಪೆಟ್ಟಿಗೆಯೊಳಗಿನ ಮಡಿಕೆ ಇನ್ನೂ ಬಿಡದ ಹಸಿರು ಸೀರೆ. ಕೈಯಲ್ಲಿ ಬಟ್ಟೆ ಚೀಲ, ಚೀಲದೊಳಗೆ ಉರುಟಾಗಿ ಕಾಣುತ್ತಿದ್ದದ್ದು ತೆಂಗಿನಕಾಯಿ. ಹನ್ನೊಂದಕ್ಕೆ ಹೊರಡೋಣ ಎಂದು ಅವನೇ ಹೇಳಿದ್ದ. ಈಗ ಹತ್ತೂವರೆ. ಈ ಅರ್ಧ ಗಂಟೆಯನ್ನು ಹಿಗ್ಗಿಸುವ ಉಪಾಯ ಇದ್ದಿದ್ದರೆ ಅವನು ಮಕ್ಕಳಿಗೆ ಯಂತ್ರದ ಒಂದೊಂದು ಬೋಲ್ಟಿನ ಹೆಸರನ್ನೂ ಬಾಯಿಪಾಠ ಮಾಡಿಸುತ್ತಿದ್ದ.

ಈ ಭಾಷಣ ಅವನಿಗೆ ಇಷ್ಟ. ಇಡೀ ಬದುಕಿನಲ್ಲಿ ಹತ್ತು ಜನ ಬಾಯಿ ಮುಚ್ಚಿಕೊಂಡು ಅವನ ಮಾತು ಕೇಳುವ ಜಾಗ ಇದೊಂದೇ. ಮೇಲೆ ತೊಟ್ಟಿಯಲ್ಲಿ ಮೆಕ್ಕೆಜೋಳದ ನುಚ್ಚು, ಅಕ್ಕಿ ನುಚ್ಚು, ಹದಕ್ಕೆ ಬೇಕಾದಷ್ಟೇ ನೀರು. ಕೆಳಗೆ ಕಬ್ಬಿಣದ ಕೊಳವೆ, ಅದೇ ಬ್ಯಾರಲ್, ಒಳಗೆ ತಿರುಗುವ ಸ್ಕ್ರೂ. ಸ್ಕ್ರೂ ನುಚ್ಚನ್ನು ನೂಕುತ್ತ, ಅರೆಯುತ್ತ, ತಿಕ್ಕುತ್ತ ಹೋಗುತ್ತದೆ. ನೂರನಲವತ್ತು ಡಿಗ್ರಿ ಶಾಖ. ಮನೆಯ ಪಾತ್ರೆಯಲ್ಲಾದರೆ ನೀರು ಎಂದೋ ಆವಿಯಾಗಿ ಹಾರಿಹೋಗಿರುತ್ತಿತ್ತು, ಆದರೆ ಇಲ್ಲಿ ಒತ್ತಡ ಅದನ್ನು ಅಮುಕಿ ಹಿಡಿದಿರುತ್ತದೆ. ಕೊನೆಗೆ ಡೈ, ಅಂದರೆ ಶಾವಿಗೆ ಒರಳಿನ ಬಿಲ್ಲೆಯಂಥ ತೂತಿನ ತಟ್ಟೆ. ಹಿಟ್ಟು ಆ ತೂತಿನಿಂದ ಹೊರಗೆ ತಲೆ ಹಾಕಿದ ಕ್ಷಣವೇ ನೀರೆಲ್ಲ ಒಟ್ಟಿಗೆ ಆವಿಯಾಗಿ ಸಿಡಿಯುತ್ತದೆ, ಹಿಟ್ಟು ಬೆರಳಿನ ಗಾತ್ರಕ್ಕೆ ಉಬ್ಬುತ್ತದೆ. "ಅರ್ಧ ನಿಮಿಷದಲ್ಲಿ ಅನ್ನ ಬೆಂದಿದ್ದಕ್ಕಿಂತ ಚೆನ್ನಾಗಿ ಬೆಂದಿರುತ್ತೆ. ಒಂದ್ಸಲ ಡೈ ದಾಟಿದ್ರೆ ಮುಗೀತು. ಮತ್ತೆ ಅದನ್ನ ನುಚ್ಚು ಮಾಡ್ತೀನಿ ಅಂದ್ರೆ ಬ್ರಹ್ಮನ ಕೈಲೂ ಆಗಲ್ಲ," ಎಂದು ಹೇಳಿ, ಪ್ರತಿ ಸಲದಂತೆ ಇಲ್ಲಿ ನಗು ಬರಲು ಬಿಟ್ಟ. ನಗು ಬಂತು. ಮಾಲೀಕ ಜಯಪ್ರಕಾಶ್ ಬಂದವರ ಎದುರು ಅವನನ್ನು "ನಮ್ಮ ಸೈಂಟಿಸ್ಟು" ಎಂದು ಪರಿಚಯಿಸುತ್ತಿದ್ದ. ಅದರಲ್ಲಿ ಎಷ್ಟು ಪಾಲು ಹೊಗಳಿಕೆ, ಎಷ್ಟು ಪಾಲು ಗೇಲಿ ಎಂದು ಒಂಬತ್ತು ವರ್ಷವಾದರೂ ಲಕ್ಷ್ಮೀಶನಿಗೆ ತಿಳಿದಿರಲಿಲ್ಲ.

ಮುಂದೆ ನಿಂತಿದ್ದ ಕೃತಿಕಾ ಎಂಬ ಹುಡುಗಿ ನೋಟ್‌ಬುಕ್ಕಿನಿಂದ ತಲೆಯೆತ್ತಿ ಕೇಳಿದಳು. "ಸಾರ್, ಮಿಷನ್ ಶುರು ಮಾಡುವಾಗ, ನಿಲ್ಲಿಸುವಾಗ ಸರಿಯಾಗಿ ಬರಲ್ಲ ಅಂದ್ರಲ್ಲ. ಆ ವೇಸ್ಟ್ ಎಲ್ಲ ಎಂತ ಮಾಡ್ತೀರಿ?" ಬಾಗಿಲಿಂದ ಭೈರಮ್ಮನೇ ಉತ್ತರ ಕೊಟ್ಟಳು. "ನಮ್ಮ ಹಸುಗೆ ಕೊಡ್ತಿದ್ರು ಮಗಾ. ಒಂದಿನಕ್ಕೂ ಇಲ್ಲ ಅಂದಿಲ್ಲ ಸಾರ್. ಈಗ ಹಸುವೇ ಇಲ್ಲ ಬಿಡು." ಅದರಲ್ಲಿ ಹೆಮ್ಮೆ ಇತ್ತು, ಕೃತಜ್ಞತೆ ಇತ್ತು. ಹುಡುಗಿ "ಪಶು ಆಹಾರ" ಎಂದು ಬರೆದುಕೊಂಡಳು. ಲಕ್ಷ್ಮೀಶನಿಗೆ ಆ ಎರಡು ಪದಗಳನ್ನು ಅವಳ ಪುಸ್ತಕದಿಂದ ಉಜ್ಜಿ ತೆಗೆಯಬೇಕೆನಿಸಿತು.

ಒಂದಿನಕ್ಕೂ ಇಲ್ಲ ಅಂದಿರಲಿಲ್ಲ, ನಿಜ. ಹಸು ಇದ್ದವರಿಗೆ ತಲಾ ಒಂದೊಂದು ಮೊರ, ಇದು ಈ ಫ್ಯಾಕ್ಟರಿಯಲ್ಲಿ ಮೊದಲಿನಿಂದ ನಡೆದು ಬಂದದ್ದು. ಹೆಂಗಸರು ಅದನ್ನು ಸೆರಗಿನಲ್ಲೋ ಬುತ್ತಿ ಚೀಲದಲ್ಲೋ ಒಯ್ದು, ಕಲಗಚ್ಚಿಗೆ ಬೆರೆಸಿ ಹಾಕುತ್ತಿದ್ದರು. ಒಂದು ಮೊರಕ್ಕೆ ಯಾವ ಹಸುವೂ ಸಾಯುವುದಿಲ್ಲ. ಭೈರಮ್ಮನ ಹಸು ಸಾಯುವ ಎರಡು ದಿನ ಮುಂಚಿನ ಬುಧವಾರ ಮಾತ್ರ ಅದು ಒಂದು ಮೊರಕ್ಕೆ ನಿಲ್ಲಲಿಲ್ಲ. ಹೀಟರ್ ಕೈಕೊಡುತ್ತಿದೆ ಎಂದು ಬೆಳಿಗ್ಗೆಯೇ ಅವನಿಗೆ ತಿಳಿದಿತ್ತು. ನಿಲ್ಲಿಸಿ ಬಿಚ್ಚಿ ನೋಡಬೇಕಿತ್ತು, ನೋಡಲಿಲ್ಲ, ಕೈ ಅಂದಾಜಿನಲ್ಲಿ ನೀರು ಹೆಚ್ಚು ಕಡಿಮೆ ಮಾಡುತ್ತ ಎಳೆದ. ಮಧ್ಯಾಹ್ನದ ಹೊತ್ತಿಗೆ ವಕ್ರ ವಕ್ರವಾದ, ಪ್ಯಾಕೆಟ್ಟಿಗೆ ಹಾಕಲಾಗದ ಮಾಲು ಎರಡು ಚೀಲ ತುಂಬಿ ಕೂತಿತ್ತು. ಮೆಕ್ಕೆಜೋಳ ತರಲು ಎನ್.ಆರ್. ಪುರಕ್ಕೆ ಹೋಗಿದ್ದ ಜಯಪ್ರಕಾಶ್ ಸಂಜೆಗೆ ಬರುವವನಿದ್ದ. "ಎಂತ ಮಾರಾಯ, ಸೈಂಟಿಸ್ಟು ನಿದ್ದೆ ಮಾಡ್ತಿತ್ತಾ?" ಎಂದು ಹೆಂಗಸರೆದುರು ಅವನು ಕೇಳುವ ದನಿ ಲಕ್ಷ್ಮೀಶನ ಕಿವಿಯಲ್ಲಿ ಆಗಲೇ ಕೇಳಿಸಿತು. ವೇಸ್ಟಿನ ಪುಸ್ತಕದಲ್ಲಿ ಆರು ಕಿಲೋ ಎಂದು ಬರೆದ. ಚೀಲಗಳನ್ನು ಹಾಲಿನ ಆಟೋಕ್ಕೆ ಎತ್ತಿಸಿ, ಭಂಡಿಗಡಿಯ ಭೈರಮ್ಮನ ಮನೆಗೆ ಕಳಿಸಿದ. ಇಷ್ಟೊಂದಾ ಸಾರ್, ಎಂದು ಅವಳು ಹಿಂಜರಿದಳು. ಬೇಸಿಗೆ, ಎಲ್ಲೂ ಹಸಿಹುಲ್ಲಿಲ್ಲ, ಎರಡು ತಿಂಗಳಿಂದ ಬರೀ ಒಣಹುಲ್ಲು ಜಗಿದು ಹಸು ಬಡಕಲಾಗಿತ್ತು. "ಧಾರಾಳವಾಗಿ ಹಾಕು ಭೈರಮ್ಮ. ಬೆಂದಿದ್ದು, ಬೇಗ ಜೀರ್ಣ ಆಗುತ್ತೆ. ಹಾಲೂ ಹೆಚ್ಚುತ್ತೆ," ಎಂದಿದ್ದ. ಅಷ್ಟು ಹೇಳುವಾಗ ದನಿಯಲ್ಲಿ ಇದೇ ಭಾಷಣದ ಗತ್ತೂ ಇತ್ತು.

ಬೇಗ ಜೀರ್ಣವಾಗುತ್ತದೆ ಎಂಬುದೇ ಹಸುವಿಗೆ ಮೃತ್ಯು. ಮಗುವಿನ ಹೊಟ್ಟೆಗೆ ಒಳ್ಳೆಯದಾದದ್ದು ಹಸುವಿನ ಹೊಟ್ಟೆಗೆ ಆಗುವುದಿಲ್ಲ. ಹುಲ್ಲನ್ನು ನಿಧಾನ ಕೊಳೆಸುವ ಆ ದೊಡ್ಡ ಹೊಟ್ಟೆಯೊಳಗೆ ಬೆಂದ ಹಿಟ್ಟು ರಾಶಿಯಾಗಿ ಬಿದ್ದರೆ ಕೆಲವೇ ಗಂಟೆಯಲ್ಲಿ ಹುಳಿಯಾಗುತ್ತದೆ, ಹುಳಿ ರಕ್ತಕ್ಕೆ ಇಳಿಯುತ್ತದೆ, ಹಸು ಮಲಗುತ್ತದೆ, ಏಳುವುದಿಲ್ಲ. ಲಕ್ಷ್ಮೀಶ ಇಲ್ಲಿಗೆ ಬರುವ ಮುಂಚೆ ಎರಡು ವರ್ಷ ಒಂದು ಪಶು ಆಹಾರದ ಫ್ಯಾಕ್ಟರಿಯಲ್ಲಿ ಇದ್ದವನು. ದಿನಕ್ಕೆ ಇಷ್ಟೇ, ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಿ, ಎಂಬ ಚೀಟಿಯನ್ನು ಸಾವಿರಾರು ಚೀಲಗಳಿಗೆ ಅವನ ಕೈಯೇ ಅಂಟಿಸಿತ್ತು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಸುಖವೂ ಅವನ ಪಾಲಿಗಿರಲಿಲ್ಲ. ಗೊತ್ತಿದ್ದದ್ದು ಆ ಮಧ್ಯಾಹ್ನ ಜಯಪ್ರಕಾಶನ ಒಂದು ಮಾತಿಗೆ ಹೆದರಿ ಮೂಲೆಗೆ ಹೋಗಿ ಕೂತಿತ್ತು.

ಮಕ್ಕಳು ಹೋದರು. ಓಮ್ನಿಯ ಕೀಲಿ ಇಸಿದುಕೊಳ್ಳಲು ಜಯಪ್ರಕಾಶನ ಕೋಣೆಗೆ ಹೋಗಬೇಕಾದರೆ ಪ್ಯಾಕಿಂಗ್ ಹಾಲನ್ನು ದಾಟಬೇಕು. ಉದ್ದ ಮೇಜಿನ ಒಂದು ಬದಿ ಏಳು ಹೆಂಗಸರು ಒತ್ತಿಕೊಂಡು ಕೂತಿದ್ದರು. ಇನ್ನೊಂದು ಬದಿ, ಪ್ಯಾಕೆಟ್ಟಿನ ಬಾಯಿ ಬೆಸೆಯುವ ಸೀಲಿಂಗ್ ಮಿಷನ್ನಿನ ಹತ್ತಿರ ಚಿಕ್ಕಕ್ಕ ಒಬ್ಬಳೇ. ಭೈರಮ್ಮನ ಮೈದುನನ ಹೆಂಡತಿ ಅವಳು. ಇಬ್ಬರ ಮನೆಗೂ ನಡುವೆ ಒಂದು ಬೇಲಿ. ಹಸು ಸಾಯುವ ಎಂಟು ದಿನ ಮುಂಚೆ ಅದು ಬೇಲಿ ಮುರಿದು ಚಿಕ್ಕಕ್ಕನ ಬಸಳೆ ಚಪ್ಪರವನ್ನು ನೆಲಸಮ ಮಾಡಿತ್ತು. "ಇನ್ನೊಂದ್ಸಲ ಬರ್ಲಿ, ಅದು ಹೆಂಗೆ ತಿರುಗಿ ಹೋಗುತ್ತೆ ನೋಡ್ತೀನಿ," ಎಂದು ಅವಳು ಅಂಗಳದಲ್ಲಿ ನಿಂತು ಕೂಗಿದ್ದನ್ನು ನಾಲ್ಕು ಮನೆ ಕೇಳಿಸಿಕೊಂಡಿತ್ತು. ಹಸು ಶುಕ್ರವಾರ ಬೆಳಿಗ್ಗೆ ಸತ್ತಿತು. ಡಾಕ್ಟರು ಬರುವಷ್ಟರಲ್ಲಿ ಕಣ್ಣು ಗಾಜಾಗಿತ್ತು. ಅವರು ಹೊಟ್ಟೆ ಮುಟ್ಟಿ ನೋಡಿ, "ಎಂತೋ ತಿಂದಿದೆ," ಎಂದು ಹೇಳಿ ಇನ್ನೊಂದು ಕರೆಗೆ ಹೊರಟುಹೋದರು. ಎಂತೋ ಎಂಬುದಕ್ಕೆ ಊರು ತಾನೇ ವಿಷ ಎಂದು ಹೆಸರಿಟ್ಟಿತು. ಅವತ್ತಿನಿಂದ ಚಿಕ್ಕಕ್ಕ ಕೊಟ್ಟ ನೀರನ್ನು ಯಾರೂ ಕುಡಿಯಲಿಲ್ಲ, ಅವಳ ಬುತ್ತಿಯ ಪಕ್ಕ ಯಾರೂ ಬುತ್ತಿ ಬಿಚ್ಚಲಿಲ್ಲ. ಅವಳು ಮೊದಮೊದಲು ಜಗಳವಾಡಿದಳು, ಆಮೇಲೆ ಅತ್ತಳು, ಈಗ ನಾಲ್ಕು ದಿನದಿಂದ ಸುಮ್ಮನಿದ್ದಳು. ಲಕ್ಷ್ಮೀಶ ದಾಟುವಾಗ ಅವಳು ತಲೆಯೆತ್ತಿ ಅವನನ್ನೂ, ಬಾಗಿಲಲ್ಲಿದ್ದ ಹಸಿರು ಸೀರೆಯನ್ನೂ ನೋಡಿದಳು. ಎಲ್ಲಿಗೆ ಹೊರಟಿದ್ದಾರೆಂದು ಅವಳಿಗೆ ಗೊತ್ತಿತ್ತು.

"ಹೋಗಿ ಬಾ ಮಾರಾಯ," ಎಂದ ಜಯಪ್ರಕಾಶ್, ಕೀಲಿಯನ್ನು ಮೇಜಿನ ಮೇಲೆ ಜಾರಿಸಿ. "ದೇವರೋ ದೆವ್ವವೋ, ಇವರ ಜಗಳ ಒಂದ್ಕಡೆ ಮುಗೀಲಿ. ಹತ್ತು ಹನ್ನೆರಡು ದಿನದಿಂದ ಪ್ಯಾಕಿಂಗ್ ಅರ್ಧಕ್ಕರ್ಧ ಕಮ್ಮಿಯಾಗಿದೆ. ಅಲ್ಲ, ನೀನು ಸೈನ್ಸ್ ಓದಿದವ, ನಿನ್ನನ್ನೇ ಯಾಕೆ ಕರ್ದಿದಾಳೆ?" ಲಕ್ಷ್ಮೀಶ ನಕ್ಕ. ನಗಬಲ್ಲೆನಲ್ಲ ಎಂದು ಅವನಿಗೇ ಅಸಹ್ಯವಾಯಿತು.

ಯಾಕೆ ಕರೆದಿದ್ದಾಳೆಂದು ಭೈರಮ್ಮ ಅವನಿಗೆ ಮೊದಲೇ ಹೇಳಿದ್ದಳು. ಅಡ್ಡಗದ್ದೆ ಕಡೆಯ ಒಂದು ಬನದಲ್ಲಿ ಚೌಡಿಯ ಕಲ್ಲಿದೆ. ಪೋಲೀಸು ಪಂಚಾಯ್ತಿಗಳಲ್ಲಿ ಸಿಗದ ನ್ಯಾಯಕ್ಕೆ ಜನ ಅಲ್ಲಿಗೆ ಹೋಗಿ ಹುಯಿಲು ಕೊಡುತ್ತಾರೆ, ಅನ್ಯಾಯ ಮಾಡಿದವರ ಹೆಸರು ಹೇಳಿ ಕಾಯಿ ಇಟ್ಟು ಬರುತ್ತಾರೆ. ಹುಯಿಲಿಗೆ ಕಾಯಿ ಒಡೆಯುವುದಿಲ್ಲ, ಇಡುವುದು ಮಾತ್ರ. ಒಡೆಯುವುದು ನ್ಯಾಯ ತೀರಿದ ದಿನ. ಇಡುವಾಗ ಮನೆಯವರಲ್ಲದ ಒಬ್ಬರು ಸಾಕ್ಷಿಗೆ ನಿಂತು ಕಾಯಿಯ ಮೇಲೆ ನೀರು ಬಿಡಬೇಕು. "ನಮ್ಮನೆಯವರು ಬರಲ್ಲ ಅಂದ್ರು ಸಾರ್, ತಮ್ಮನ ಹೆಂಡ್ತಿ ಅಲ್ವಾ. ನೀವಾದ್ರೆ ದಿನಾ ನಮ್ಮ ಹಾಲು ಕುಡಿದವರು, ನಮ್ಮ ಹಸು ಬೆಳ್ಳಿ ಹೆಂಗಿತ್ತು ಅಂತ ನೋಡಿದವರು. ಎರಡು ಚೀಲ ತಿಂಡಿ ಬೇರೆ ಕಳ್ಸಿದ್ರಿ ಪಾಪ," ಎಂದಿದ್ದಳು. ಆಗಲೇ ಹೇಳಬಹುದಿತ್ತು. ಅವಳ ಬಾಯಲ್ಲೇ ಬಂದಿತ್ತು, ಎರಡು ಚೀಲ ಎಂದು. ಅವನು "ಆಯ್ತು, ಬರ್ತೀನಿ," ಎಂದ.

ಗಾಡಿ ಕೊಪ್ಪ ದಾಟಿ ಹರಿಹರಪುರದ ಇಳಿಜಾರಿಗೆ ಬಂತು. ಭೈರಮ್ಮ ಹಿಂದಿನ ಸೀಟಿನಲ್ಲಿ ಮಾಲಿನ ಪೆಟ್ಟಿಗೆಗಳ ನಡುವೆ ಕೂತಿದ್ದಳು. ಕನ್ನಡಿಯಲ್ಲಿ ಅವಳ ಹಣೆ, ಅರ್ಧ ಕುಂಕುಮ ಕಾಣುತ್ತಿತ್ತು. ಅವನು ಕನ್ನಡಿಯನ್ನು ಸ್ವಲ್ಪ ತಿರುಗಿಸಿದ. ಅವಳು ಮಗಳು ಗಗನಾಳ ವಿಷಯ ಹೇಳುತ್ತಿದ್ದಳು. ಏಳು ತಿಂಗಳು ತುಂಬಿದೆ, ಮುಂದಿನ ವಾರ ಕರೆದುಕೊಂಡು ಬರುವುದು, ಮೊದಲ ಹೆರಿಗೆ. "ಬಾಣಂತಿಗೆ ಮನೇಲಿ ಹಾಲು ಇರ್ಲಿ ಅಂತಾನೇ ಬೆಳ್ಳೀನ ಮಾರ್ದೆ ಇಟ್ಕೊಂಡಿದ್ದು ಸಾರ್. ಎರಡು ಸಲ ಕೇಳಿಕೊಂಡು ಬಂದ್ರು, ಕೊಡ್ಲಿಲ್ಲ. ಅವಳಿಗೆ ಗೊತ್ತಿತ್ತು ಅದು." ಅವಳು ಎಂದರೆ ಚಿಕ್ಕಕ್ಕ. ಹೆಸರು ಹೇಳುವುದನ್ನು ಭೈರಮ್ಮ ಕಲ್ಲಿನ ಎದುರಿಗೆಂದೇ ಉಳಿಸಿಕೊಂಡಿದ್ದಳು. ಲಕ್ಷ್ಮೀಶನಿಗೆ ಶುಕ್ರವಾರದ ಕೊಟ್ಟಿಗೆ ಕಾಣುತ್ತಿತ್ತು. ಹಾಲಿಗೆಂದು ತಂಬಿಗೆ ಹಿಡಿದು ಹೋದವನು ಹೆಂಗಸರ ಅಳುವಿನ ನಡುವೆ ನಿಂತಿದ್ದ. ಹಸುವಿನ ಹೊಟ್ಟೆ ತಮಟೆಯಂತೆ ಬಿಗಿದಿತ್ತು. ಮೂಲೆಯಲ್ಲಿ ಕಲಗಚ್ಚಿನ ಬಕೆಟ್ಟು, ಅದರ ತುಂಬ ಅವನ ಮಾಲು ನೆಂದು ಬಿಳಿಚಿ ತೇಲುತ್ತಿತ್ತು. ಡಾಕ್ಟರು ಅಂಗಳದಲ್ಲಿ ಚಪ್ಪಲಿ ಬಿಡುತ್ತಿದ್ದರು. ಅವನು ಹಸುವನ್ನು ನೋಡುವವನ ಹಾಗೆ ಬಗ್ಗಿ, ಕಾಲು ತಾಗಿದವನ ಹಾಗೆ ಆ ಬಕೆಟ್ಟನ್ನು ಉರುಳಿಸಿದ. ಕಲಗಚ್ಚು ಗಂಜಳದ ಕಾಲುವೆಯಲ್ಲಿ ಹರಿದುಹೋಯಿತು. "ಅಯ್ಯೋ ಇರ್ಲಿ ಬಿಡಿ ಸಾರ್, ಇನ್ನು ಯಾರಿಗದು," ಎಂದು ಭೈರಮ್ಮ ಅಳುತ್ತಲೇ ಅವನ ಪ್ಯಾಂಟಿನ ಮೇಲಿನ ಚೆಲ್ಲಿದ ಕಲೆಯನ್ನು ತನ್ನ ಸೆರಗಿನಿಂದ ಒರೆಸಿದ್ದಳು.

"ಭೈರಮ್ಮ," ಎಂದ.

"ಎಂತ ಸಾರ್?"

"ಸೆಖೆ ಆಗ್ತಿದ್ರೆ ಆ ಗಾಜು ಸರಿಸ್ಕೋ."

ಅವಳು ಗಾಜು ಸರಿಸಿದಳು. ಗಾಳಿ ಬಂತು. ಹರಿಹರಪುರದ ಸೇತುವೆಯ ಕೆಳಗೆ ತುಂಗೆ ಬಂಡೆಗಳ ನಡುವೆ ಬಡವಾಗಿ ಹರಿಯುತ್ತಿತ್ತು. ಹೇಳಿದರೆ ಏನಾಗುತ್ತದೆ ಎಂದು ಅವನು ಲೆಕ್ಕ ಹಾಕಿದ. ಜಯಪ್ರಕಾಶನಿಗೆ ಎರಡು ಚೀಲದ ಸುದ್ದಿ ತಿಳಿಯುತ್ತದೆ, ಪುಸ್ತಕದ ಆರು ಕಿಲೋದ ಸುದ್ದಿಯೂ. ಹೆಂಗಸರು ನಗುತ್ತಾರೆ, ಅಥವಾ ಉಗಿಯುತ್ತಾರೆ. ಕಾಲೇಜಿನ ಮಕ್ಕಳಿಗೆ ಮುಂದಿನ ಸಲ ಬೇರೆ ಯಾರೋ ವಿವರಿಸುತ್ತಾರೆ. ಇಷ್ಟೇ. ಇಷ್ಟಕ್ಕೇ ಒಬ್ಬಳು ಹೆಂಗಸು ಹನ್ನೆರಡು ದಿನದಿಂದ ಒಬ್ಬಳೇ ಕೂತು ಉಣ್ಣುತ್ತಿದ್ದಾಳೆ ಎಂದು ಅವನಿಗೆ ನಾಚಿಕೆಯಾಯಿತು. ಆದರೆ ಆ ನಾಚಿಕೆಯೂ ಬಾಯಿ ಬಿಡಿಸುವಷ್ಟು ಬಲಿಯಲಿಲ್ಲ. ಕಲ್ಲಿನ ಎದುರು ಹೇಳುತ್ತೇನೆ, ಅಲ್ಲಿ ಹೇಳಲೇಬೇಕಾಗುತ್ತದೆ, ಎಂದು ತನಗೆ ತಾನೇ ವಾಯಿದೆ ಕೊಟ್ಟುಕೊಂಡ. ಅಷ್ಟಕ್ಕೇ ಮೈ ಹಗುರಾಗಿ ಹಸಿವೆಯೂ ಆಯಿತು.

ಬನ ಎಂದರೆ ದೊಡ್ಡದೇನಲ್ಲ, ಹತ್ತು ಹನ್ನೆರಡು ಮರ. ನಡುವೆ ಎಣ್ಣೆ ಕುಡಿದು ಕಪ್ಪಾದ ಮೊಣಕಾಲೆತ್ತರದ ಕಲ್ಲು. ಅದರ ಸುತ್ತ ಒಡೆಯದ ಕಾಯಿಗಳು ಒಣಗಿ, ಕೆಲವು ಮೊಳಕೆ ಬಂದು ಬಿದ್ದಿದ್ದವು. ಒಂದೊಂದು ಕಾಯಿಗೂ ಒಂದೊಂದು ಹೆಸರು. ಕಲ್ಲನ್ನು ನೋಡಿಕೊಳ್ಳುವ ಮುದುಕ ಗಿಡ್ಡಯ್ಯ ಹೆಗಲ ಮೇಲಿನ ಟವೆಲನ್ನು ಸೊಂಟಕ್ಕೆ ಸುತ್ತಿಕೊಂಡು ಬಂದ. ಯಾವ ಆರ್ಭಟವೂ ಇಲ್ಲದ, ರೇಷನ್ ಅಂಗಡಿಯಲ್ಲಿ ವಿಚಾರಿಸುವಂಥ ಮಾತು ಅವನದು. ಏನಾಯಿತು, ಯಾವತ್ತು, ಯಾರ ಮೇಲೆ ಎಂದು ಕೇಳಿದ. ಭೈರಮ್ಮ ಹೇಳಿದಳು. ಚಿಕ್ಕಕ್ಕನ ಹೆಸರು, ಅವಳ ಗಂಡನ ಹೆಸರು, ಮನೆಯ ಗುರುತು. ಹನ್ನೆರಡು ದಿನ ಅದನ್ನೇ ಅರೆದು ಅರೆದು ನುಣ್ಣಗೆ ಮಾಡಿಕೊಂಡಿದ್ದಳು.

"ನೋಡು ತಾಯಿ," ಎಂದ ಗಿಡ್ಡಯ್ಯ. "ಹೆಸರು ಹೇಳದೆ ಕೊಟ್ರೆ ಅದರ ದಾರಿ ಬೇರೆ. ಹೆಸರು ಹೇಳಿ ಕೊಟ್ರೆ, ಅವರು ಮಾಡಿದ್ರೆ ಅವರಿಗೆ. ಮಾಡಿಲ್ಲ ಅಂತಾದ್ರೆ ಬಂದ ದಾರೀಲೇ ತಿರುಗಿ ನಿಮ್ಮನೆಗೆ. ಮನೇಲಿ ಎಳೇದು ಯಾವುದಿದೆಯೋ ಅದರ ಮೇಲೆ ಮೊದಲು. ಗೊತ್ತಲ್ಲ?"

"ಗೊತ್ತು," ಎಂದಳು.

"ಮೂರು ಸಲ ಕೇಳ್ತೀನಿ. ಅವಳೇನಾ?"

"ಹೂಂ."

ಲಕ್ಷ್ಮೀಶ ಚೊಂಬು ಹಿಡಿದು ನಿಂತಿದ್ದ. ಚೊಂಬಿನ ನೀರಿನಲ್ಲಿ ಎಲೆಗಳ ನೆರಳು ಅಲ್ಲಾಡುತ್ತಿತ್ತು. ಈಗ, ಎಂದುಕೊಂಡ. ನಾಲಿಗೆಯ ತುದಿಗೆ ಮಾತು ಬಂದಿತ್ತು, ಎರಡು ಚೀಲ ಎಂಬಷ್ಟು ಸಣ್ಣ ಮಾತು.

"ಅವಳೇನಾ?"

"ಹೂಂ."

ಇದೆಲ್ಲ ಮೂಢನಂಬಿಕೆ, ಕಲ್ಲಿಗೆ ಏನು ತಿಳಿಯುತ್ತದೆ ಎಂದು ಸೈನ್ಸು ಓದಿದ ತಲೆ ಹೇಳಿತು. ಹನ್ನೆರಡು ದಿನ ಸಹಾಯಕ್ಕೆ ಬಾರದ ಓದು ಈಗ ಓಡಿ ಬಂದಿತ್ತು. ಕಲ್ಲಿಗೆ ತಿಳಿಯದಿದ್ದರೆ ಸುಮ್ಮನಿದ್ದರೂ ನಷ್ಟವಿಲ್ಲ, ಅಲ್ಲವೆ? ಹೀಗೆ ಯೋಚಿಸುತ್ತಿರುವಾಗಲೂ ಚೊಂಬು ಹಿಡಿದ ಕೈ ಬೆವರುತ್ತಿತ್ತು. ನಂಬದವನ ಕೈ ಯಾಕೆ ಬೆವರಬೇಕು?

"ಅವಳೇನಾ?"

"ಹೂಂ," ಎಂದಳು ಭೈರಮ್ಮ, ಮೂರನೆಯ ಸಲ.

ಗಿಡ್ಡಯ್ಯ ಅವನ ಕಡೆ ತಿರುಗಿದ. "ಸಾಕ್ಷಿ ನೀವಾ? ಎಂತಾದ್ರೂ ಹೇಳೋದಿದ್ರೆ ನೀರು ಬಿಡೋ ಮುಂಚೆ ಹೇಳಿ. ಆಮೇಲೆ ನಾನು ಕೇಳಂಗಿಲ್ಲ."

ಮುದುಕನ ಕಣ್ಣಿಗೆ ಪೊರೆ ಬಂದಿತ್ತು. ಆ ಬಿಳಿ ಕಣ್ಣುಗಳು ಅವನ ಮುಖದ ಮೇಲೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತವು ಎಂದು ಅವನಿಗೆ ಅನಿಸಿತು. "ಹಸು ಚೆನ್ನಾಗಿತ್ತು," ಎಂದ ಲಕ್ಷ್ಮೀಶ. "ಬುಧವಾರದವರೆಗೂ ಚೆನ್ನಾಗಿತ್ತು. ನಾನೇ ನೋಡಿದೀನಿ." ಒಂದಕ್ಷರ ಸುಳ್ಳಿರಲಿಲ್ಲ. ಬಗ್ಗಿ ಕಾಯಿಯ ಮೇಲೆ ನೀರು ಬಿಟ್ಟ. ನೀರು ಜುಟ್ಟಿನ ಮೇಲೆ ಬಿದ್ದು, ಎರಡಾಗಿ ಸೀಳಿ ಮಣ್ಣಿಗೆ ಇಳಿಯಿತು.

ತಿರುಗಿ ಬರುವಾಗ ಭೈರಮ್ಮನಿಗೆ ಮಾತೇ ಮಾತು. ಹನ್ನೆರಡು ದಿನದಲ್ಲಿ ಮೊದಲ ಸಲ ಅವಳು ನಕ್ಕಳು. ಮಗುವಿಗೆ ಎಂಥ ಹೆಸರಿಡಬೇಕೆಂದು ಗಗನಾ ಫೋನಿನಲ್ಲಿ ಹುಡುಕುತ್ತಾಳಂತೆ, ಬಾಯಿಗೇ ಬರದ ಹೆಸರುಗಳಂತೆ. ಲಕ್ಷ್ಮೀಶನಿಗೆ ಆ ನಗು ತಡೆಯಲಾಗಲಿಲ್ಲ. ಅವಳ ಅಳುವನ್ನು ಅವನು ತಡೆದುಕೊಂಡಿದ್ದ, ಕೃತಜ್ಞತೆಯನ್ನು ತಡೆದುಕೊಂಡಿದ್ದ, ಈ ನಿರಾಳವನ್ನು ಮಾತ್ರ ಆಗಲಿಲ್ಲ. ಹರಿಹರಪುರಕ್ಕೆ ಇನ್ನೂ ದೂರವಿರುವಾಗಲೇ ಒಂದು ಮೋರಿಯ ಪಕ್ಕ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಸ್ಟೇರಿಂಗ್ ನೋಡುತ್ತಲೇ ಎಲ್ಲವನ್ನೂ ಹೇಳಿದ. ಹೀಟರು, ಎರಡು ಚೀಲ, ಪುಸ್ತಕ, ಹುಳಿಯಾಗುವ ಹಿಟ್ಟು, ಅಂಟಿಸಿದ ಚೀಟಿ, ಉರುಳಿಸಿದ ಬಕೆಟ್ಟು. ಹೇಳಿ ಮುಗಿಸಲು ಮೂರು ನಿಮಿಷವೂ ಹಿಡಿಯಲಿಲ್ಲ. ಇಷ್ಟು ಪುಟ್ಟದಾಗಿತ್ತಾ ಎಂದು ಅವನಿಗೇ ಆಶ್ಚರ್ಯವಾಯಿತು.

ಶೃಂಗೇರಿ ಕಡೆಯಿಂದ ಒಂದು ಬಸ್ಸು ಬಂದು ದಾಟಿಹೋಯಿತು. ಆಮೇಲೆ ಭೈರಮ್ಮನ ದನಿ ಹಿಂದಿನಿಂದ ಬಂತು, ಸಿಟ್ಟಿಲ್ಲದ ದನಿ.

"ಅಲ್ಲಿ ಯಾಕೆ ಹೇಳ್ಲಿಲ್ಲ?"

"ಹೆದರಿಕೆ ಆಯ್ತು."

"ಮೂರು ಸಲ ಕೇಳಿದ್ರಲ್ಲ ಸಾರ್ ಅವರು. ನಿಮ್ಮನ್ನೂ ಕೇಳಿದ್ರು."

"ಈಗ್ಲೇ ತಿರುಗಿಸ್ತೀನಿ ಗಾಡೀನ. ಹೋಗಿ ಹೇಳೋಣ. ತಪ್ಪುಕಾಣಿಕೆ ಹಾಕೋಣ, ನಾನೇ ಹಾಕ್ತೀನಿ. ಕಾಯಿ ತೆಗೆಸೋಣ."

"ಹೆಸರು ಹೇಳಿ ಇಟ್ಟ ಕಾಯಿ ಅದು. ತೆಗೆಸ್ಬೇಕಾದ್ರೆ ಮನೆ ಮಂದಿ ಪೂರ್ತಿ ಬಂದು ನಿಲ್ಬೇಕು. ಗಗನಾನೂ. ತುಂಬಿದ ಬಸುರೀನ ಆ ಕಲ್ಲಿನ ಮುಂದೆ ನಿಲ್ಸಿ, ನಿಮ್ಮಮ್ಮ ಸುಳ್ಳು ಹುಯಿಲು ಕೊಟ್ಲು ಕಣೇ, ಅದು ನಿನ್ನ ಹೊಟ್ಟೆ ಮೇಲೆ ತಿರುಗಿದೆ ಅಂತ ಹೇಳ್ಲಾ ನಾನು?" ಅವಳ ದನಿ ಈಗ ಒಡೆಯಿತು. "ಎಳೇದು ಯಾವುದಿದೆಯೋ ಅದರ ಮೇಲೆ ಅಂದ್ರಲ್ಲ ಸಾರ್. ಕೇಳಿಸ್ಲಿಲ್ವಾ ನಿಮಗೆ?"

"ಅದೆಲ್ಲ ಹಂಗೆ ಆಗಲ್ಲ ಭೈರಮ್ಮ. ಕಲ್ಲು ಅದು."

"ಕಲ್ಲಾದ್ರೆ ನೀವು ಯಾಕೆ ಹೆದರಿದ್ರಿ?"

ಅವಳು ಮೂಗು ಒರೆಸಿಕೊಂಡಳು. ಸೀರೆಯ ಮಡಿಕೆ ಸರಿಮಾಡಿಕೊಳ್ಳುವ ಸದ್ದು ಕೇಳಿಸಿತು. ಆಮೇಲೆ ಅವಳು ಹೇಳಿದ್ದು ಸಂತೆಯಲ್ಲಿ ಎಲ್ಲ ವ್ಯಾಪಾರ ಮುಗಿದ ಮೇಲೆ ಆಡುವಂಥ ದಣಿದ ಮಾತು. "ನೀವು ಹೇಳ್ಲಿಲ್ಲ. ನಾನು ಕೇಳ್ಲಿಲ್ಲ. ಅವಳೇ ಹಾಕಿದ್ದು. ಅವಳು ಹಾಕಿದ್ರೆ ಮಾತ್ರ ನನ್ನ ಮಗಳು ಉಳೀತಾಳೆ. ಯಾರ ಹತ್ರಾನೂ ಬಾಯಿ ಬಿಡ್ಬೇಡಿ ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ. ಗಾಡಿ ಬಿಡಿ."

ಅವನು ಗಾಡಿ ಬಿಟ್ಟ. ಕಾಲಿಗೆ ಬೀಳಬೇಕಾದವನು ತಾನು, ಅದನ್ನೂ ಅವಳೇ ಮಾಡಿದ್ದಳು. ಒಂದು ಗಂಟೆಯ ಹಿಂದೆ ಇದೇ ಮಾತು ಅವಳನ್ನು ಉಳಿಸುತ್ತಿತ್ತು, ಚಿಕ್ಕಕ್ಕನನ್ನೂ ಉಳಿಸುತ್ತಿತ್ತು. ಈಗ ಅದೇ ಮಾತು ವಿಷ. ಬೆಳಿಗ್ಗೆ ಮಕ್ಕಳನ್ನು ನಗಿಸಿದ, ಡೈ ದಾಟಿದ ಹಿಟ್ಟಿನ ವಾಕ್ಯ ಅವನಿಗೆ ನೆನಪಾಯಿತು, ನಗು ಬರುವಲ್ಲಿಗೆ ಬಂದು ನಿಂತಿತು.

ಮಾರನೆಯ ದಿನ ಚಿಕ್ಕಕ್ಕ ಕೆಲಸಕ್ಕೆ ಬಂದಳು. ಹುಯಿಲು ಕೊಟ್ಟ ಸುದ್ದಿ ಅವಳಿಗಿಂತ ಮುಂಚೆ ಬಂದು ಕೂತಿತ್ತು. ಹೆಂಗಸರು ಈಗ ಅವಳನ್ನು ದೂರ ಮಾಡುತ್ತಿರಲಿಲ್ಲ, ನೋಡುತ್ತಿದ್ದರು. ಕೆಮ್ಮಿದರೆ ನೋಡಿದರು, ಎಡವಿದರೆ ನೋಡಿದರು. ಭೈರಮ್ಮ ಎಲ್ಲರಿಗಿಂತ ಹೆಚ್ಚು ನೋಡುತ್ತಿದ್ದಳು, ಆ ನೋಟದಲ್ಲಿದ್ದದ್ದು ದ್ವೇಷವಲ್ಲ, ಆಸೆ ಎಂಬುದು ಲಕ್ಷ್ಮೀಶನೊಬ್ಬನಿಗೇ ಗೊತ್ತಿತ್ತು. ಹನ್ನೆರಡು ಗಂಟೆಗೆ ಸೀಲಿಂಗ್ ಮಿಷನ್ನಿನ ಕಾದ ಪಟ್ಟಿ ಚಿಕ್ಕಕ್ಕನ ಅಂಗೈಗೆ ತಾಗಿತು. ಆ ಮಿಷನ್ನಿನಲ್ಲಿ ತಿಂಗಳಿಗೊಬ್ಬರ ಕೈ ಸುಡುತ್ತದೆ. ಆದರೆ ಮೇಜಿನ ಆಚೆ ಬದಿಯಿಂದ ಏಳು ಹೆಂಗಸರೂ ಒಟ್ಟಿಗೆ ಉಸಿರು ಬಿಟ್ಟರು. ಯಾರೋ ಮೆಲ್ಲಗೆ, "ಹಿಡೀತು," ಎಂದರು. ಭೈರಮ್ಮ ಕಣ್ಣು ಮುಚ್ಚಿ ಎರಡೂ ಕೈ ಜೋಡಿಸಿದಳು.

ಚಿಕ್ಕಕ್ಕ ಕೈ ಹಿಡಿದುಕೊಂಡು ಲಕ್ಷ್ಮೀಶನ ಯಂತ್ರದ ಹತ್ತಿರ ಬಂದಳು. ಮುಲಾಮಿನ ಡಬ್ಬ ಅಲ್ಲಿ ಗೋಡೆಗಿತ್ತು. ಅವನು ಸ್ಟೂಲು ಎಳೆದು ಕೂರಿಸಿದ, ನೀರು ಹಾಕಿ ಕೈ ತೊಳೆದ. ಅಂಗೈಯಲ್ಲಿ ಬೆರಳುದ್ದದ ಕೆಂಪು ಗೆರೆ ಎದ್ದಿತ್ತು. ಅವಳು ಗೆರೆಯನ್ನೇ ನೋಡುತ್ತಿದ್ದಳು.

"ಸಾರ್, ನೀವು ಓದಿದೋರು. ನಿಮ್ಮನ್ನೊಂದು ಕೇಳ್ತೀನಿ, ಸುಳ್ಳು ಹೇಳ್ಬೇಡಿ. ಆ ಹಸು ಎಂತ ತಿಂದು ಸತ್ತಿದ್ದು?"

ಅವನು ತಲೆಯೆತ್ತಿದ. ಪ್ಯಾಕಿಂಗ್ ಹಾಲಿನ ಬಾಗಿಲಲ್ಲಿ ಭೈರಮ್ಮ ಬಂದು ನಿಂತಿದ್ದಳು. ನಿನ್ನೆ ನಿಂತಿದ್ದ ಜಾಗದಲ್ಲೇ. ಅವಳು ಏನೂ ಸನ್ನೆ ಮಾಡಲಿಲ್ಲ, ಸೆರಗನ್ನು ಬಾಯಿಗೆ ಒತ್ತಿಕೊಂಡು ಅವನ ತುಟಿಗಳನ್ನೇ ನೋಡುತ್ತಿದ್ದಳು. ಯಂತ್ರ ತಿರುಗುತ್ತಿತ್ತು. ತೊಟ್ಟಿಯಿಂದ ನುಚ್ಚು ಇಳಿಯುತ್ತಿತ್ತು, ಡೈಯ ಬಾಯಿಂದ ಉಬ್ಬಿದ ಮಾಲು ಪಟಪಟ ಉದುರುತ್ತಿತ್ತು.

"ಗೊತ್ತಿಲ್ಲಮ್ಮ," ಎಂದ.

ಚಿಕ್ಕಕ್ಕ ತಲೆಯಾಡಿಸಿದಳು. ಆ ಉತ್ತರಕ್ಕೇ ಅವಳು ಕಾಯುತ್ತಿದ್ದಂತಿತ್ತು. "ನಾನು ಎಂತದೂ ಹಾಕಿಲ್ಲ ಸಾರ್. ಆದ್ರೆ ನಾಲ್ಕು ದಿನದಿಂದ ಯೋಚ್ನೆ ಮಾಡ್ತಾ ಇದೀನಿ. ಅವತ್ತು ಬಾಯಲ್ಲಿ ಅಂದಿದ್ದಂತೂ ಹೌದು. ನಿಮ್ಮಂಥೋರಿಗೂ ಗೊತ್ತಿಲ್ಲ ಅಂದ್ರೆ, ನನ್ನ ಬಾಯೇ ತಾಗಿರ್ಬೇಕು ಆ ಮೂಕ ಪ್ರಾಣಿಗೆ." ಅವಳು ಸುಟ್ಟ ಕೈಯನ್ನು ಅವನ ಮುಂದೆ ಚಾಚಿದಳು. "ಹಂಗಾದ್ರೆ ಇದು ಸರೀನೇ."

ಲಕ್ಷ್ಮೀಶ ಅವಳ ಬೆರಳುಗಳನ್ನು ಹಿಡಿದು ಮುಲಾಮು ಹಚ್ಚತೊಡಗಿದ. ಗೆರೆಯ ಮೇಲೆ ಬಿಳಿ ಪದರ ಕೂತಿತು, ಕೆಂಪು ಮುಚ್ಚಿತು. ಸಾಕು ಸಾರ್, ಎಂದಳು ಅವಳು. ಅವನು ಹಚ್ಚುತ್ತಲೇ ಇದ್ದ.